ಸಾವನದುರ್ಗ: ಎರಡನೇ ಸಲ ಕರಿಗುಡ್ಡ ಹತ್ತಿದ್ದು

ಮೊದಲ ಸಲ ಮಾಗಡಿ ಹತ್ತಿರದ ಸಾವನದುರ್ಗ ಬೆಟ್ಟಕ್ಕೆ ಹೋದಾಗ ಅರ್ಧಕ್ಕೇ ವಾಪಸ್ ಬಂದಿದ್ದೆ. ಬುಡ ತಲುಪುವಾಗಲೇ ಹನ್ನೊಂದು ಗಂಟೆ. ಕಾಲಲ್ಲಿ ಅಟ್ಟೆ ಸವೆದ ಹಳೇ ಶೂ. ಬಂಡೆ ಕಾವಲಿಯಂತೆ ಕಾದಿತ್ತು. ಒಂದು ಕಡೆ ಕಾಲು ಜಾರಿ ಮೊಣಕೈ ತರಚಿತು. ಅಲ್ಲಿಂದ ಕೂತುಕೊಂಡೇ ಕೆಳಗಿಳಿದೆ.

ಎರಡನೇ ಸಲ ಜನವರಿಯಲ್ಲಿ ಭಾವನ ಜೊತೆ ಹೋದೆ. ಅವರು ಮಧುಗಿರಿ ಕಡೆಯವರು, ಚಿಕ್ಕಂದಿನಿಂದ ಬಂಡೆ ಮೇಲೆ ಓಡಾಡಿದವರು. ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು ಮಾಗಡಿ ರಸ್ತೆ ಹಿಡಿದೆವು. ವೀರಭದ್ರಸ್ವಾಮಿ ಗುಡಿ ಮುಂದೆ ಕೈಮುಗಿದು ಏಳು ಗಂಟೆಗೆ ಹತ್ತಲು ಶುರು ಮಾಡಿದೆವು.

ಇಲ್ಲಿ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡಿವೆ. ಜನ ಜಾಸ್ತಿ ಹತ್ತುವುದು ಕರಿಗುಡ್ಡವನ್ನು. ತುದಿ ಸಮುದ್ರ ಮಟ್ಟದಿಂದ 1,226 ಮೀಟರ್. ದಾರಿ ಉದ್ದವಿಲ್ಲ, ಆದರೆ ಕಡಿದು. ಮೆಟ್ಟಿಲಿಲ್ಲ, ಬರೀ ಬಂಡೆ. ಬಂಡೆ ಮೇಲೆ ಬಳಿದ ಬಾಣದ ಗುರುತುಗಳೇ ದಾರಿ.

ನಾನು ಮೊದಲಿನ ಹಾಗೇ ಬೆರಳ ಮೇಲೆ ಭಾರ ಹಾಕಿ ಏರುತ್ತಿದ್ದೆ. ಭಾವ ಹಿಂದಿನಿಂದಲೇ ನೋಡಿ, 'ಹಿಮ್ಮಡಿ ಎತ್ತಬೇಡ ಕಣೋ, ಪೂರ್ತಿ ಪಾದ ಊರು' ಅಂದರು. ಅಷ್ಟೇ. ಪಾದ ಪೂರ್ತಿ ಊರಿದರೆ ಅಟ್ಟೆ ಬಂಡೆಯನ್ನು ಕಚ್ಚಿ ಹಿಡಿಯುತ್ತದೆ, ಮೀನಖಂಡಕ್ಕೂ ಅಷ್ಟು ನೋವಾಗುವುದಿಲ್ಲ. ನೇರ ಏರದೆ ಓರೆಯಾಗಿ, ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ ಹಾಕಿದೆವು. ಹೆದರಿ ಬಂಡೆಗೆ ಬಾಗಿಕೊಂಡರೆ ಕಾಲು ಇನ್ನೂ ಜಾರುತ್ತದೆ. ನೆಟ್ಟಗೆ ನಿಂತರೇ ಹಿಡಿತ. ಇದನ್ನು ನಂಬುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ಒಂದು ಕಡೆ ಭಾವ ನನ್ನ ಕೈ ಹಿಡಿದು ಬಂಡೆ ಮುಟ್ಟಿಸಿದರು. ಬೂದು ಭಾಗ ಕಲ್ಲುಪ್ಪಿನ ಹಾಗೆ ತರಿತರಿ. ಪಕ್ಕದಲ್ಲೇ ಮೇಲಿಂದ ಕೆಳಗೆ ಇಳಿದಿದ್ದ ಕಪ್ಪು ಪಟ್ಟೆ ನುಣುಪು. ಅದು ಮಳೆನೀರು ಹರಿಯುವ ಜಾಡು, ಪಾಚಿ ಒಣಗಿ ಕಪ್ಪಾಗಿರುತ್ತದೆ. ಸ್ವಲ್ಪ ನೀರು ಸೋಕಿದರೂ ಸಾಕು, ಅಲ್ಲಿ ಯಾವ ಶೂ ಕೂಡ ನಿಲ್ಲುವುದಿಲ್ಲ. ಮೊದಲ ಸಲ ನಾನು ಜಾರಿದ್ದೂ ಅಂಥ ಪಟ್ಟೆ ಮೇಲೆಯೇ. ಮಳೆಗಾಲದಲ್ಲಿ ಈ ಬೆಟ್ಟ ಬೇಡವೇ ಬೇಡ. ಬಿರುಕಲ್ಲಿ ಬೆಳೆದ ಹುಲ್ಲನ್ನೂ ಹಿಡಿಯಬೇಡಿ, ಬೇರು ಸಮೇತ ಕೈಗೆ ಬರುತ್ತದೆ.

ದಾರಿಯಲ್ಲಿ ಹಳೇ ಕೋಟೆಯ ಗೋಡೆ ಸಿಗುತ್ತದೆ. ಮಾಗಡಿ ಕೆಂಪೇಗೌಡರ ವಂಶ ಆಳಿದ ದುರ್ಗ ಇದು. ಆಮೇಲೆ ಟಿಪ್ಪುವಿನ ಸೈನ್ಯದ ಕೈಲಿತ್ತು. 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು. ಇಷ್ಟು ದಪ್ಪ ಕಲ್ಲುಗಳನ್ನು ಈ ಇಳಿಜಾರಿನಲ್ಲಿ ಹೇಗೆ ಕೂರಿಸಿದರೋ! ನೆರಳಲ್ಲಿ ಕೂತು ಅದನ್ನೇ ನೋಡುತ್ತಾ ಕಡ್ಲೆಕಾಯಿ ತಿಂದೆವು.

ತುದಿ ಮುಟ್ಟಿದಾಗ ಒಂಬತ್ತೂಕಾಲು. ಸಣ್ಣ ಕಲ್ಲಿನ ಮಂಟಪ, ಒಳಗೆ ನಂದಿ. ಕೆಳಗೆ ಮಂಚನಬೆಲೆ ಜಲಾಶಯ ಮಿನುಗುತ್ತಿತ್ತು. ಗಾಳಿ ಎಷ್ಟಿತ್ತೆಂದರೆ ಟೋಪಿಯನ್ನು ಕೈಲಿ ಹಿಡಿದೇ ನಿಂತಿದ್ದೆ. ಮಾತಾಡಬೇಕು ಅನಿಸಲಿಲ್ಲ.

ಇಳಿಯುವುದಕ್ಕೇ ನನಗೆ ಜಾಸ್ತಿ ಭಯ. ಆದರೆ ಬೇಗ ಬಂದಿದ್ದರಿಂದ ಬಂಡೆ ಇನ್ನೂ ಕಾದಿರಲಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಅಡ್ಡಡ್ಡ ಇಟ್ಟು, ಕಪ್ಪು ಪಟ್ಟೆ ಬಂದ ಕಡೆಯೆಲ್ಲ ಸುತ್ತಿ ಇಳಿದೆ. ಇಬ್ಬರಿಗೂ ಸೇರಿ ತಂದಿದ್ದ ಐದು ಲೀಟರ್ ನೀರಿನಲ್ಲಿ ಕೊನೆಗೆ ಉಳಿದಿದ್ದು ಒಂದು ಲೋಟದಷ್ಟು. ಗುಡಿ ಹತ್ತಿರ ಬಂದು ನಿಂತಾಗ ಭಾವ ನನ್ನ ಶೂ ಎತ್ತಿಸಿ ಅಟ್ಟೆ ನೋಡಿ, 'ಈಗ ಮಧುಗಿರಿಗೆ ಬಾ' ಅಂದರು. ಫೆಬ್ರವರಿಯಲ್ಲಿ ಹೋಗುತ್ತಿದ್ದೇವೆ.