ಪ್ಯಾಚ್ ಬಂದರೆ ನಾನು ಮೊದಲು ತೆರೆಯುವುದು ಟೆಸ್ಟ್ ಫೈಲ್

ಎಲ್‌ಎಲ್‌ವಿಎಂ ಒಂದು ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಪ್ರೊಸೆಸರ್‌ನ ಇನ್‌ಸ್ಟ್ರಕ್ಷನ್‌ಗಳಾಗಿ ಬದಲಿಸುವ ಸಾಫ್ಟ್‌ವೇರ್. ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರ್‌ಗಾಗಿ ಅದರಲ್ಲಿರುವ ಭಾಗಕ್ಕೆ ಬರುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ಬದಲಾವಣೆಗಳನ್ನು, ರಿವ್ಯೂ ಮಾಡುವಾಗ ನಾನು ಕೋಡ್ ಮೊದಲು ಓದುವುದಿಲ್ಲ. ಓದಿದರೆ ಬರೆದವರ ತರ್ಕಕ್ಕೆ ಹೂಂಗುಟ್ಟುತ್ತಾ ಹೋಗಿಬಿಡುತ್ತೇನೆ. ಅದಕ್ಕೇ ಟೆಸ್ಟ್ ಫೈಲ್ ತೆರೆದು, ಅಸೆಂಬ್ಲಿಯಲ್ಲಿ (ಕಂಪೈಲರ್ ಕೊಟ್ಟ ಇನ್‌ಸ್ಟ್ರಕ್ಷನ್‌ಗಳ ಪಟ್ಟಿಯಲ್ಲಿ) ಯಾವ ಸಾಲು ಹೋಯಿತು, ಯಾವುದು ಬಂತು ಅಂತ ನೋಡುತ್ತೇನೆ. ಹಳೆಯ ಔಟ್‌ಪುಟ್ ಇರುವ ಟೆಸ್ಟ್ ಒಂದು ಕಮಿಟ್ (ಪ್ರತ್ಯೇಕವಾಗಿ ದಾಖಲಾಗುವ ಬದಲಾವಣೆ), ಬದಲಾವಣೆ ಇನ್ನೊಂದು ಕಮಿಟ್. ಹೀಗೆ ಕಳಿಸಿ ಅಂತ ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ.

ರಿಸ್ಕ್-ಫೈವ್‌ಗೆ ಜೆಡ್‌ಬಿಎ ಎಂಬ ವಿಸ್ತರಣೆ, ಅಂದರೆ ಹೆಚ್ಚುವರಿ ಇನ್‌ಸ್ಟ್ರಕ್ಷನ್‌ಗಳ ಗುಂಪು ಇದೆ. ಅದರಲ್ಲಿ ಎಸ್‌ಎಚ್1ಆ್ಯಡ್ ಎಂಬ ಇನ್‌ಸ್ಟ್ರಕ್ಷನ್ ಇದೆ. ಒಂದು ಸಂಖ್ಯೆಯನ್ನು ಒಂದು ಬಿಟ್ ಎಡಕ್ಕೆ ಸರಿಸಿ ಇನ್ನೊಂದನ್ನು ಕೂಡಿಸುತ್ತದೆ. ಎರಡೂ ಕಡೆ ಒಂದೇ ರಿಜಿಸ್ಟರ್ (ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಜಾಗ) ಕೊಟ್ಟರೆ ಮೂರರಿಂದ ಗುಣಿಸಿದಂತೆ. ಎಸ್‌ಎಚ್2ಆ್ಯಡ್ ಆದರೆ 5, ಎಸ್‌ಎಚ್3ಆ್ಯಡ್ ಆದರೆ 9. ಎರಡನ್ನೂ ಸಾಲಾಗಿ ಇಟ್ಟರೆ 45. 11 ಬೇಕಾದರೆ ಐದರಷ್ಟನ್ನು ದುಪ್ಪಟ್ಟು ಮಾಡಿ ಮೂಲ ಸಂಖ್ಯೆಯನ್ನೇ ಕೂಡಿಸಿದರಾಯಿತು. ಗುಣಾಕಾರಕ್ಕಿಂತ ಇದು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಇಂಥ ಜಾಣತನ ಕಂಡರೆ ಯಾರಿಗೂ ಖುಷಿಯೇ, ಅಲ್ವಾ?

ಒಬ್ಬರು 64 ಬಿಟ್ ಯಂತ್ರದಲ್ಲಿ 32 ಬಿಟ್ ಗುಣಾಕಾರಕ್ಕೂ ಇದನ್ನೇ ಹಾಕಿ ಪ್ಯಾಚ್ ಕಳಿಸಿದ್ದರು. ಟೆಸ್ಟ್ ಎಲ್ಲಾ ಪಾಸ್. ಆದರೆ ಆ ಟೆಸ್ಟ್‌ಗಳು ಉತ್ತರವನ್ನು ಮೆಮೊರಿಗೆ ಬರೆಯುತ್ತಿದ್ದವು. ಅಲ್ಲಿಗೆ ಹೋಗುವುದು ಕೆಳಗಿನ 32 ಬಿಟ್ ಮಾತ್ರ. ಮೇಲಿನ ಅರ್ಧದಲ್ಲಿ ಏನಿದ್ದರೂ ಯಾರಿಗೂ ಕಾಣುವುದಿಲ್ಲ.

ನಾನು 107,37,41,824 ಕೊಟ್ಟು ನೋಡಿದೆ, ಅಂದರೆ 2ರ 30ನೇ ಘಾತ. ಅದರ ಮೂರರಷ್ಟು 322,12,25,472. ಎಸ್‌ಎಚ್1ಆ್ಯಡ್ ಈ ಸಂಖ್ಯೆಯನ್ನು ಇದ್ದ ಹಾಗೇ ರಿಜಿಸ್ಟರ್‌ನಲ್ಲಿ ಬಿಡುತ್ತದೆ. ಆದರೆ ರಿಸ್ಕ್-ಫೈವ್‌ನ ನಿಯಮವೇ ಬೇರೆ. 32 ಬಿಟ್ ಮೌಲ್ಯ ಚಿಹ್ನೆ ಇಲ್ಲದ್ದಾದರೂ ಅದರ 31ನೇ ಬಿಟ್ಟನ್ನು ಮೇಲಿನ ಬಿಟ್‌ಗಳಿಗೆಲ್ಲಾ ಹರಡಿರಬೇಕು. ಆಗ ರಿಜಿಸ್ಟರ್‌ನಲ್ಲಿ ಇರಬೇಕಾದದ್ದು ಮೈನಸ್ 107,37,41,824. ಹೋಲಿಕೆ ಮಾಡುವ ಬ್ರಾಂಚ್ ಇನ್‌ಸ್ಟ್ರಕ್ಷನ್ ಪೂರ್ತಿ 64 ಬಿಟ್ ನೋಡುತ್ತದೆ. ಹಾಗಾಗಿ ಸಮ ಇರುವ ಎರಡು ಸಂಖ್ಯೆ ಸಮ ಇಲ್ಲ ಅನ್ನಿಸಿಕೊಳ್ಳುತ್ತವೆ. ಸರಿಮಾಡುವುದು ಸುಲಭ: ಹಿಂದೆಯೇ ಚಿಹ್ನೆ ಹರಡುವ ಒಂದು ಇನ್‌ಸ್ಟ್ರಕ್ಷನ್ ಹಾಕಬೇಕು, ಮೇಲಿನ ಬಿಟ್‌ಗಳನ್ನು ಯಾರೂ ಓದದ ಕಡೆ ಅದನ್ನು ಹಾಕದೆ ಬಿಡಬಹುದು. ರಿವ್ಯೂನಲ್ಲಿ "ಇದು ತಪ್ಪು" ಅಂತ ಸುಮ್ನೆ ಬರೆಯಲಿಲ್ಲ. ಈ ಸಂಖ್ಯೆ, ಬರಬೇಕಾದ ಉತ್ತರ, ಬಂದ ಉತ್ತರ ಇಷ್ಟೇ ಬರೆದೆ. ವಾದವೇ ಆಗಲಿಲ್ಲ.

ಕಂಪೈಲರ್ ಮಾಡುವ ಬದಲಾವಣೆ ಸರಿಯೇ ಅಂತ ತಾನೇ ಪರೀಕ್ಷಿಸುವ ಆಲೈವ್2 ಎಂಬ ಸಾಧನ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ಐಆರ್ (ಇನ್‌ಸ್ಟ್ರಕ್ಷನ್ ಆಗುವ ಮುಂಚೆ ಕಂಪೈಲರ್ ಒಳಗೆ ಬಳಸುವ ನಡುವಿನ ಭಾಷೆ) ಮಟ್ಟದ ಬದಲಾವಣೆಗೆ ಬಹಳ ಒಳ್ಳೆಯದು, ಅಲ್ಲಿ ನಾನೂ ಕೇಳಿಯೇ ಕೇಳುತ್ತೇನೆ. ಇಂಥ ರಿಜಿಸ್ಟರ್ ಮಟ್ಟದ ಎಡವಟ್ಟು ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಚಿಕ್ಕ ಸಿ ಪ್ರೋಗ್ರಾಂ ಬರೆದು ಬೇರೆ ಪ್ರೊಸೆಸರ್‌ನಂತೆ ನಟಿಸುವ ಕ್ಯೂಎಮು ಎಂಬ ಸಾಫ್ಟ್‌ವೇರ್‌ನಲ್ಲಿ ಓಡಿಸುತ್ತೇನೆ. ಸೊನ್ನೆ, ಮೈನಸ್ ಒಂದು, ಅತಿ ದೊಡ್ಡದು, ಅತಿ ಚಿಕ್ಕದು, ನಡುವಿನ ಬಿಟ್ ದಾಟುವ ಒಂದೆರಡು ಸಂಖ್ಯೆ ಇದ್ದರೆ ಸಾಕು.

ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಪ್ಯಾಚ್ ಆದರೆ ಟೆಸ್ಟ್ ಫೈಲ್‌ನಲ್ಲಿ ಮೊದಲು ನೋಡುವುದು ಫೀಚರ್ ಚೆಕ್, ಅಂದರೆ ಪ್ರೊಸೆಸರ್‌ನಲ್ಲಿ ಆ ಇನ್‌ಸ್ಟ್ರಕ್ಷನ್ ಇದ್ದರೆ ಮಾತ್ರ ಬಳಸುವ ಎಚ್ಚರ. ಎಲ್‌ಝಡ್‌ಸಿಎನ್‌ಟಿ ಎಂಬ ಇನ್‌ಸ್ಟ್ರಕ್ಷನ್ ಮುಂಭಾಗದ ಸೊನ್ನೆಗಳನ್ನು ಎಣಿಸುತ್ತದೆ, 32 ಬಿಟ್‌ನ 1ಕ್ಕೆ ಉತ್ತರ 31. ಅದು ಇಲ್ಲದ ಹಳೆ ಪ್ರೊಸೆಸರ್ ಅವೇ ಬೈಟ್‌ಗಳನ್ನು ಬಿಎಸ್‌ಆರ್ (ಅತಿ ಮೇಲಿನ 1 ಎಷ್ಟನೇ ಬಿಟ್‌ನಲ್ಲಿದೆ ಅಂತ ಹೇಳುವ ಇನ್‌ಸ್ಟ್ರಕ್ಷನ್) ಅಂತ ಓದಿಕೊಂಡು 0 ಕೊಡುತ್ತದೆ. ಪ್ರೋಗ್ರಾಂ ನಿಲ್ಲುವುದೂ ಇಲ್ಲ, ದೂರುವುದೂ ಇಲ್ಲ. ನನ್ನ ಪ್ರಕಾರ ಕ್ರ್ಯಾಶ್ ಆಗುವ ಬಗ್ ಇದಕ್ಕಿಂತ ಎಷ್ಟೋ ವಾಸಿ.

ವೇಗದ ಮಾತು ಇಷ್ಟೆಲ್ಲಾ ಆದ ಮೇಲೆ. ಲೆಕ್ಕದ ನಡುವೆ ಬರುವ ಮೌಲ್ಯವನ್ನು ಪ್ರೋಗ್ರಾಂನ ಬೇರೆ ಇನ್‌ಸ್ಟ್ರಕ್ಷನ್‌ಗಳೂ ಬಳಸುತ್ತಿದ್ದರೆ ಹೊಸ ಜೋಡಣೆಯಿಂದ ಏನೂ ಉಳಿಯುವುದಿಲ್ಲ, ಕೆಲವು ಸಲ ಒಂದು ಸಾಲು ಜಾಸ್ತಿಯೇ ಆಗುತ್ತದೆ. ಅದಕ್ಕೊಂದು ಟೆಸ್ಟ್ ಕೇಳುತ್ತೇನೆ. ಇನ್ನು ಯಾವ ಚಿಪ್‌ನಲ್ಲಿ ಗುಣಾಕಾರಕ್ಕೆ ಎಷ್ಟು ಸೈಕಲ್ ಅನ್ನುವುದು ಚಿಪ್ ಕೈಯಲ್ಲಿರುವವರು ಅಳೆದು ಹೇಳಬೇಕಾದ ವಿಷಯ. ಅಂಥವರೊಬ್ಬರನ್ನು ರಿವ್ಯೂಗೆ ಸೇರಿಸಿ, ಅವರ ಒಪ್ಪಿಗೆ ಬಂದ ಮೇಲೆ ನನ್ನದನ್ನೂ ಕೊಡುತ್ತೇನೆ.