ಇಂಕಾ ನೆಲೆಗಳನ್ನು ನೋಡಲು ಹೋದರೆ ಕುಸ್ಕೊ ಕೊನೆಗಿರಲಿ

ವಿಮಾನ ಪೆರು ದೇಶದ ಕುಸ್ಕೊದಲ್ಲಿ, ಅಂದರೆ ಇಂಕಾಗಳ ಹಳೆಯ ರಾಜಧಾನಿಯಲ್ಲಿ, ಇಳಿದರೂ ನಾನು ಮೊದಲ ರಾತ್ರಿ ಅಲ್ಲಿ ಉಳಿಯುವುದಿಲ್ಲ. ಊರು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಕಡಲ ತೀರದ ಲಿಮಾದಿಂದ ನೇರ ಅಲ್ಲಿಗೆ ಬಂದವರಲ್ಲಿ ಬಹಳ ಜನಕ್ಕೆ ಅದೇ ರಾತ್ರಿ ತಲೆನೋವು, ವಾಕರಿಕೆ ಶುರು. ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದರೆ ಎರಡು ಗಂಟೆಯಲ್ಲಿ ಒಯಾಂಟೈಟಾಂಬೊ ಎಂಬ ಇಂಕಾ ಕಾಲದ ಊರು. ಎತ್ತರ 2,800 ಮೀಟರಿನ ಆಸುಪಾಸು. ದಾರಿಯಲ್ಲಿ ಸಿಗುವ ಚಿಂಚೆರೊ ಊರು ಕುಸ್ಕೊಗಿಂತಲೂ ಎತ್ತರದಲ್ಲಿದೆ, ಆದರೆ ದಾಟಿಹೋಗುವುದರಿಂದ ತೊಂದರೆಯಿಲ್ಲ. ಮಲಗುವ ಜಾಗದ ಎತ್ತರವೇ ಮುಖ್ಯ.

ಮರುದಿನ ಬೆಳಿಗ್ಗೆ ಪ್ರವಾಸಿ ಬಸ್ಸುಗಳು ಬರುವ ಮೊದಲೇ ಒಯಾಂಟೈಟಾಂಬೊ ಕೋಟೆ ಹತ್ತಿ. ಬೊಲೆಟೊ ತುರಿಸ್ತಿಕೊ ಎಂಬ ಪೂರ್ತಿ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಹತ್ತು ದಿನ ನಡೆಯುತ್ತದೆ. ಪಿಸಾಕ್, ಮೊರಾಯ್, ಚಿಂಚೆರೊ, ಸಾಕ್ಸಾವಮಾನ್ ನೆಲೆಗಳೆಲ್ಲ ಅದರಲ್ಲೇ ಬರುತ್ತವೆ. ಮಾಚು ಪಿಚುವಿಗೆ ಮತ್ತು ಕುಸ್ಕೊದ ಸೂರ್ಯ ದೇಗುಲ ಕೊರಿಕಾಂಚಾಕ್ಕೆ ಬೇರೆ ಟಿಕೆಟ್. ಕೈಯಲ್ಲಿ ಪೆರುವಿನ ನಾಣ್ಯ ಸೋಲ್ ನಗದಾಗಿ ಇರಲಿ.

ಒಯಾಂಟೈಟಾಂಬೊ ಕೋಟೆಯ ಮೇಲ್ಭಾಗದ ಸೂರ್ಯ ದೇಗುಲದ ಆರು ಕೆಂಬಣ್ಣದ ಬಂಡೆಗಳ ಮುಂದೆ ಆತುರ ಬೇಡ. ದೊಡ್ಡ ಬಂಡೆಗಳ ನಡುವೆ ಬೆರಳು ತೂರದಂತೆ ಕೂರಿಸಿದ ಸಪೂರ ಕಲ್ಲುಪಟ್ಟಿಗಳಿವೆ. ಓರೆ ಬಿಸಿಲು ಬಿದ್ದಾಗ ಒಂದು ಬಂಡೆಯ ಮೇಲೆ ಸವೆದ ಮೆಟ್ಟಿಲಾಕಾರದ ಕೆತ್ತನೆ ಎದ್ದು ಕಾಣುತ್ತದೆ. ಸುತ್ತ ಬಿದ್ದ ಕೆಲವು ಕಲ್ಲುಗಳಲ್ಲಿ ಲೋಹದ ಪಟ್ಟಿ ಕೂರಿಸಲು ಕೊರೆದ ಗುಳಿಗಳೂ ಉಂಟು. ಹಾಗೇ ಹಿಂತಿರುಗಿ ನದಿಯಾಚೆಯ ಬೆಟ್ಟ ನೋಡಿ: ಇಷ್ಟು ಭಾರದ ಕಲ್ಲು ಬಂದದ್ದು ಆ ಕಚಿಕಾಟಾ ಗಣಿಯಿಂದ, ಉರುಬಂಬಾ ನದಿ ದಾಟಿಸಿ! ಈ ನೆಲೆಗೆ ಅರ್ಧ ದಿನವಾದರೂ ಸಲ್ಲಬೇಕು.

ಮಾಚು ಪಿಚುವಿಗೆ ರೈಲು ಇಲ್ಲಿಂದಲೇ. ರೈಲಿನಲ್ಲಿ ಲಗೇಜಿಗೆ ಮಿತಿಯಿದೆ. ದೊಡ್ಡ ಪೆಟ್ಟಿಗೆ ಹೋಟೆಲಿನಲ್ಲೇ ಬಿಡಿ. ಹೆಚ್ಚಿನವರು ಎಡವುವುದು ಮಾಚು ಪಿಚು ಪ್ರವೇಶದ ಟಿಕೆಟ್ಟಿನಲ್ಲಿ. ಅದು ಸರ್ಕ್ಯೂಟ್ ಎಂಬ ಗೊತ್ತುಮಾಡಿದ ಓಡಾಟದ ದಾರಿಗೆ ತಕ್ಕಂತೆ ಬೇರೆ ಬೇರೆ. ಸರ್ಕ್ಯೂಟ್ 1 ಎಂದರೆ ಮೇಲಿನಿಂದ ನೋಟ ಮಾತ್ರ, ಊರೊಳಗೆ ಇಳಿಯಲಾಗದು. ಸರ್ಕ್ಯೂಟ್ 3 ಕೆಳಭಾಗದ್ದು. ಪಕ್ಕದ ವಾಯ್ನಾ ಪಿಚು ಶಿಖರ ಹತ್ತುವವರಿಗೆ ಅದೇ ದಾರಿ. ಮೊದಲ ಸಲ ಹೋಗುವವರಿಗೆ 2ನೇದೇ ಸರಿ, ಟಿಕೆಟ್ ಬೇಗ ಮಾರಾಟವಾಗಿಹೋಗುವುದೂ ಅದರದ್ದೇ. ಟಿಕೆಟ್ ಮತ್ತು ಪಾಸ್‌ಪೋರ್ಟಿನ ಹೆಸರು, ನಂಬರ್ ತಾಳೆಯಾಗಬೇಕು. ಮೊದಲು ಪ್ರವೇಶದ ಟಿಕೆಟ್, ಆಮೇಲೆ ಅದರ ಸಮಯಕ್ಕೆ ಹೊಂದುವ ರೈಲು. ಫೆಬ್ರವರಿಯಲ್ಲಿ ಇಂಕಾ ಚಾರಣ ಹಾದಿ ಮುಚ್ಚಿರುತ್ತದೆ. ಮೇಯಿಂದ ಸೆಪ್ಟೆಂಬರ್ ಒಣಗಾಲ.

ಸಸ್ಯಾಹಾರಿಗಳು ಸ್ಪ್ಯಾನಿಷ್‌ನಲ್ಲಿ 'ಸಿನ್ ಕಾರ್ನೆ' (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ಸಾಲದು. ಕೀನ್ವಾ ಸೂಪನ್ನು ಕೋಳಿ ಬೇಯಿಸಿದ ನೀರಲ್ಲೇ ಮಾಡುವುದುಂಟು. 'ಸಿನ್ ಪೊಯೊ' (ಕೋಳಿಯಿಲ್ಲದೆ) ಎಂದೂ ಸೇರಿಸಿ, ಸಾರಿನ ಬಗ್ಗೆ ಬಿಡಿಸಿ ಕೇಳಿ.

ಇಷ್ಟಾದ ಮೇಲೆ ಕುಸ್ಕೊ. ಟ್ಯಾಕ್ಸಿಯಲ್ಲಿ ಊರಿನ ಮೇಲಿರುವ ತಂಬೊಮಚಾಯ್ ನೆಲೆಯ ತನಕ ಹೋಗಿ, ಪುಕಾ ಪುಕಾರಾ, ಕೆಂಕೊ, ಸಾಕ್ಸಾವಮಾನ್ ನೋಡುತ್ತ ಊರಿನತ್ತ ನಡೆದು ಬನ್ನಿ, ಹೆಚ್ಚಾಗಿ ಇಳಿಜಾರೇ. ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ, ಎತ್ತರದ ತೊಂದರೆಗೆಂದು ಅಲ್ಲಿ ಕೊಡುವ ಕೋಕಾ ಎಲೆಯ ಚಹಾ ಕುಡಿದು ಕಾಯಬೇಡಿ. ವೈದ್ಯರನ್ನು ಕಂಡು ಕೂಡಲೇ ಕೆಳಗಿಳಿಯಿರಿ.