ಅಮೆರಿಕದಲ್ಲಿ ಪಳಗಿದ ಕುದುರೆ ಮಾರುವಾಗ ಗೊತ್ತಿರಬೇಕಾದ್ದು

ಟೆಕ್ಸಾಸ್, ಕೊಲೊರಾಡೊ ಕಡೆ ಒಂದಿಷ್ಟು ಜಾಗ ತಗೊಂಡು ಕುದುರೆ ಸಾಕಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಕಾಲೇಜಿಗೆ ಹೋದರು, ಕೆಲಸದ ಊರು ಬದಲಾಯಿತು, ಈಗ ಕುದುರೆ ಹತ್ತುವವರೇ ಇಲ್ಲ. ಮಾರೋಣ ಅಂದುಕೊಂಡರೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ.

ಬೆಲೆಗಿಂತ ಮೊದಲು ಅದು ಯಾರ ಕೈಗೆ ಹೋಗುತ್ತದೆ ಅಂತ ಯೋಚಿಸಿ. ಅಮೆರಿಕದೊಳಗಿನ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದವು ನಿಜ, ಆದರೆ ಹರಾಜಿನಲ್ಲಿ ಅಗ್ಗಕ್ಕೆ ಕೊಂಡು ಮಾಂಸಕ್ಕೆ ಅಂತ ಗಡಿ ದಾಟಿಸುವ ವ್ಯಾಪಾರ ಅದರ ಜೊತೆ ನಿಲ್ಲಲಿಲ್ಲ. ಬೇಗ ಹೋದರೆ ಸಾಕು ಅಂತ ಕಂಡಕಂಡ ಹರಾಜಿಗೆ ಬಿಡಬೇಡಿ.

ಜಾಹೀರಾತಿನಲ್ಲಿ ಹೊಗಳಿಕೆ ಬೇಡ, ಕುದುರೆ ಮಾಡುವ ಕೆಲಸ ಬರೆಯಿರಿ. ಹಿಂಡಿನಿಂದ ಒಂದು ದನವನ್ನು ಬೇರೆ ಮಾಡುತ್ತದಾ, ಹಗ್ಗ ಬೀಸಿದರೆ ಅಲುಗದೆ ನಿಲ್ಲುತ್ತದಾ, ಹೊಳೆ ದಾಟುತ್ತದಾ, ಜೊತೆಗೆ ಬೇರೆ ಕುದುರೆ ಇಲ್ಲದೆ ಕಾಡುದಾರಿಯಲ್ಲಿ ಹೋಗುತ್ತದಾ, ಪೊದೆಯಿಂದ ಜಿಂಕೆ ಹಾರಿದರೆ ಏನು ಮಾಡುತ್ತದೆ? ಎತ್ತರವನ್ನು ಇಲ್ಲಿ ಹ್ಯಾಂಡ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು, 15.2 ಅಂದರೆ 15 ಹ್ಯಾಂಡ್ ಮೇಲೆ 2 ಇಂಚು. ಯಾವುದಕ್ಕೂ ಬೆದರದ ಕುದುರೆಗೆ ಇಲ್ಲಿನವರು 'ಬಾಂಬ್‌ಪ್ರೂಫ್' ಅನ್ನುತ್ತಾರೆ, ಆ ಪದ ಮಾತ್ರ ಬರೆಯಬೇಡಿ. ಬೆದರದ ಕುದುರೆ ಅಂತ ಯಾವುದೂ ಇಲ್ಲ, ಆ ಮಾತು ನಂಬಿ ಯಾರೋ ಮಗುವನ್ನು ಕೂರಿಸುತ್ತಾರೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ರಾಣಿ ಮಾರಲು ಅವಕಾಶವಿಲ್ಲ, ಡ್ರೀಮ್‌ಹಾರ್ಸ್ ಥರದ ಕುದುರೆಗಳದ್ದೇ ತಾಣಗಳಿವೆ. ನನಗೆ ಅದಕ್ಕಿಂತ ಜಾಸ್ತಿ ನಂಬಿಕೆ ಇರುವುದು ಲಾಳ ಹೊಡೆಯುವವರ ಮೇಲೆ. ಸುತ್ತಮುತ್ತ ಯಾರು ಒಳ್ಳೆಯ ಕುದುರೆ ಹುಡುಕುತ್ತಿದ್ದಾರೆ, ಯಾರು ಚೆನ್ನಾಗಿ ಸಾಕುತ್ತಾರೆ, ಎರಡೂ ಅವರಿಗೆ ಗೊತ್ತಿರುತ್ತದೆ.

ನೋಡಲು ಬರುವ ದಿನ ಮೊದಲೇ ಓಡಿಸಿ ದಣಿಸಿ ಜೀನು ಹಾಕಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಕೊಳ್ಳುವವರಿಗೆ ತಕ್ಷಣ ಅನುಮಾನ ಬರುತ್ತದೆ. ಮೇಯುತ್ತಿರುವ ಕುದುರೆಯನ್ನು ಅವರ ಕಣ್ಣೆದುರೇ ಹಿಡಿದು ತನ್ನಿ. ನಾಲ್ಕೂ ಗೊರಸು ಎತ್ತಿ ತೋರಿಸಿ. ಹೊಟ್ಟೆಪಟ್ಟಿ ಬಿಗಿಯುವಾಗ ಅದರ ಕಿವಿ ಹೇಗಿರುತ್ತದೆ ಅಂತ ಬಲ್ಲವರು ಗಮನಿಸುತ್ತಾರೆ, ಹಿಂದಕ್ಕೆ ಮಡಚಿದರೆ ಕಿರಿಕಿರಿ ಇದೆ ಅಂತ ಅರ್ಥ. ಮೊದಲು ನೀವು ಹತ್ತಿ. ಮೇಲೆ ಕೂತೇ ಗೇಟಿನ ಅಗುಳಿ ತೆಗೆದು, ಒಂದು ಕೈಯಲ್ಲಿ ಗೇಟು ಹಿಡಿದುಕೊಂಡು, ಕುದುರೆಯನ್ನು ಅಡ್ಡಡ್ಡ ಹೆಜ್ಜೆ ಹಾಕಿಸಿ ಆಚೆ ಹೋಗಿ ಮತ್ತೆ ಮುಚ್ಚಿ ತೋರಿಸಿದರೆ ಸಾಕು, ಪಳಗಿದ ಕುದುರೆ ಅಂತ ಬೇರೆ ಸಾಕ್ಷಿ ಬೇಡ. ಕೊನೆಗೆ ಟ್ರೇಲರ್ ಹತ್ತಿಸಿ ಇಳಿಸಿ. ಕೊಳ್ಳುವವರು ಹತ್ತುವ ಮುಂಚೆ ಹೆಲ್ಮೆಟ್ ಕೊಡಿ, ಹೊಣೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ.

ಅವರು ತಮ್ಮದೇ ಪಶುವೈದ್ಯರನ್ನು ಕರೆಸಿ ಪ್ರೀ-ಪರ್ಚೇಸ್ ಪರೀಕ್ಷೆ ಮಾಡಿಸುತ್ತೇವೆ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ಅದು ಮಾಮೂಲು, ಖರ್ಚೂ ಅವರದ್ದೇ. ನಮ್ಮ ಕಡೆ ಸುಳಿ ನೋಡಿ ಹಲ್ಲು ನೋಡಿ ಬೆಲೆ ಕಟ್ಟುತ್ತಾರಲ್ಲ, ಇಲ್ಲಿ ಕಾಲು ಮಡಚಿ ಹಿಡಿದು ಬಿಟ್ಟು ತಕ್ಷಣ ಓಡಿಸಿ ಕುಂಟುತ್ತದಾ ನೋಡುತ್ತಾರೆ, ಬೇಕಾದರೆ ಎಕ್ಸ್-ರೇ ತೆಗೆಸುತ್ತಾರೆ. ನೋವಿನ ಔಷಧಿ ಕೊಟ್ಟಿದ್ದೀರಾ ಅಂತ ರಕ್ತ ಪರೀಕ್ಷೆಗೂ ಕಳಿಸಬಹುದು. ಹಳೇ ಗಾಯ, ಹೊಟ್ಟೆನೋವು ಬಂದದ್ದು, ಗೊರಸಿನ ತೊಂದರೆ, ಎಲ್ಲವನ್ನೂ ನೀವೇ ಮೊದಲು ಹೇಳಿಬಿಡಿ, ಬರೆದೂ ಕೊಡಿ.

ಇನ್ನು ಕಾಗದಪತ್ರ. ಕಾಗಿನ್ಸ್ ಪರೀಕ್ಷೆ ಅಂತ ಒಂದಿದೆ, ಮದ್ದಿಲ್ಲದ ಒಂದು ರಕ್ತಹೀನತೆ ರೋಗ ಇದೆಯಾ ಅಂತ ಕುದುರೆಯ ರಕ್ತ ತೆಗೆದು ನೋಡುವುದು. ರಾಜ್ಯ ದಾಟಿಸಲು ಸಾಮಾನ್ಯವಾಗಿ 12 ತಿಂಗಳೊಳಗಿನ ವರದಿ ಬೇಕು, ಜೊತೆಗೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ. ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ಜಾಹೀರಾತು ಹಾಕುವ ಮೊದಲೇ ಮಾಡಿಸಿಡಿ. ಪಶ್ಚಿಮದ ಹಲವು ರಾಜ್ಯಗಳಲ್ಲಿ ಬ್ರ್ಯಾಂಡ್ ಇನ್‌ಸ್ಪೆಕ್ಷನ್ ಕೂಡ ಇದೆ, ಅಂದರೆ ಕುದುರೆಯ ಮೈಮೇಲಿನ ಮುದ್ರೆ, ಗುರುತು, ಕಾಗದ ನೋಡಿ ಅದು ನಿಮ್ಮದೇ ಅಂತ ಸರ್ಕಾರದ ಇನ್ಸ್‌ಪೆಕ್ಟರ್ ಖಚಿತಪಡಿಸುವುದು. ಕೊಲೊರಾಡೊದಲ್ಲಿ ಮಾಲೀಕರು ಬದಲಾದಾಗ, 75 ಮೈಲಿಗಿಂತ ದೂರ ಸಾಗಿಸುವಾಗ, ರಾಜ್ಯದಿಂದ ಹೊರಗೆ ಒಯ್ಯುವಾಗ ಇದು ಕಡ್ಡಾಯ. ಕುದುರೆಯ ಮೈಮೇಲೆ ಮುದ್ರೆ ಇಲ್ಲದಿದ್ದರೂ ಬೇಕೇ ಬೇಕು.

ಬಿಲ್ ಆಫ್ ಸೇಲ್, ಅಂದರೆ ಮಾರಾಟ ಪತ್ರ, ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ. ಮುಂದೆ ಅವರು ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಅನ್ನುವ ಷರತ್ತನ್ನು ಅದರಲ್ಲೇ ಸೇರಿಸಿ. ಬಾಯಿಮಾತಿನಲ್ಲಿ ಬಿಡಬೇಡಿ. ನೋಡದೆಯೇ ಕೊಳ್ಳುತ್ತೇನೆ, ಹೆಚ್ಚು ಮೊತ್ತದ ಕ್ಯಾಷಿಯರ್ಸ್ ಚೆಕ್ ಕಳಿಸುತ್ತೇನೆ, ಉಳಿದದ್ದನ್ನು ಸಾಗಣೆಯವರಿಗೆ ಕೊಡಿ ಅಂತ ಯಾರಾದರೂ ಅಂದರೆ ಅದು ಮೋಸವೇ. ನಿಮ್ಮ ಖಾತೆಯಲ್ಲಿ ದುಡ್ಡು ಕಂಡ ಮೇಲೂ ಅಂಥ ಚೆಕ್ ಸುಳ್ಳು ಅಂತ ತಿರುಗಿ ಬರಬಹುದು. ನೇರ ವೈರ್ ವರ್ಗಾವಣೆ ಆಗಿದೆ ಅಂತ ಬ್ಯಾಂಕಿನವರು ಹೇಳುವ ತನಕ ಟ್ರೇಲರ್ ಬಾಗಿಲು ತೆರೆಯಬೇಡಿ.

ಕುದುರೆ ಕ್ವಾರ್ಟರ್ ಹಾರ್ಸ್ ಅನ್ನುವ ತಳಿಯದ್ದಾಗಿದ್ದು ನೋಂದಣಿ ಇದ್ದರೆ ವರ್ಗಾವಣೆ ಅರ್ಜಿಗೆ ನಿಮ್ಮ ಸಹಿ ಬೇಕು. ಅರ್ಜಿ, ಶುಲ್ಕ, ಮೂಲ ಪ್ರಮಾಣಪತ್ರ ಮೂರನ್ನೂ ಆ ತಳಿಯ ನೋಂದಣಿ ನೋಡಿಕೊಳ್ಳುವ ಸಂಘಕ್ಕೆ ನೀವೇ ಕಳಿಸಿ. ಕೊಂಡವರಿಗೆ ಬಿಟ್ಟರೆ ಎಷ್ಟೋ ಸಲ ಅದು ಮೇಜಿನ ಖಾನೆಯಲ್ಲೇ ಉಳಿದು, ದಾಖಲೆಯಲ್ಲಿ ಕುದುರೆ ವರ್ಷಗಟ್ಟಲೆ ನಿಮ್ಮ ಹೆಸರಿನಲ್ಲೇ ಇರುತ್ತದೆ.